ಬಂಗಾರಪ್ಪನವರ ಪಕ್ಷಗಳೂ ನಮ್ಮ ಬಗರ್ ಹುಕುಂ ಕಡತಗಳೂ

ಶುಂಠಿ ಕೊಳೆ ರೋಗದ ಬಗ್ಗೆ ಬರೀತೀನಿ ಅಂದಿದ್ದೆ, ಅದು ಮುಂದಿನ ವಾರಕ್ಕಿರಲಿ. ಮೊನ್ನೆ ಸೊಸೈಟಿ ಕಟ್ಟೆ ಮೇಲೆ ಬಂಗಾರಪ್ಪನವರ ವಿಷಯಕ್ಕೆ ಜೋರು ಮಾತಾಯ್ತು. ಪಕ್ಷಾಂತರಿ ಅಂತ ಒಬ್ಬರು, ಬಡವರ ಪಾಲಿನ ದೇವರು ಅಂತ ಇನ್ನೊಬ್ಬರು. ಇಬ್ಬರೂ ಮುಖ್ಯವಾದದ್ದನ್ನ ಬಿಟ್ಟೇ ಜಗಳ ಆಡಿದರು ಅನ್ನಿಸ್ತು.

1967ರಲ್ಲಿ ಸೊರಬದಿಂದ ಮೊದಲು ಗೆದ್ದಾಗ ಅವರು ಸಮಾಜವಾದಿ. ಆಮೇಲೆ ಕಾಂಗ್ರೆಸ್, ಅಲ್ಲಿಂದ ಕ್ರಾಂತಿರಂಗ. 1983ರಲ್ಲಿ ಜನತಾ ಜೊತೆ ಸೇರಿ ಸರ್ಕಾರ ಬಂತು, ಕುರ್ಚಿ ಮಾತ್ರ ಹೆಗಡೆಯವರಿಗೆ ಹೋಯ್ತು, ಇವರು ಮತ್ತೆ ಕಾಂಗ್ರೆಸ್ಸಿಗೆ. 1990ರ ಅಕ್ಟೋಬರಿನಿಂದ 1992ರ ನವೆಂಬರ್ ತನಕ ಮುಖ್ಯಮಂತ್ರಿ. ಇಳಿದ ಮೇಲೆ ಸ್ವಂತದ ಕರ್ನಾಟಕ ಕಾಂಗ್ರೆಸ್ ಪಕ್ಷ, 1994ರಲ್ಲಿ 10 ಸೀಟು. ನಂತರ ಕರ್ನಾಟಕ ವಿಕಾಸ ಪಕ್ಷ, 1999ಕ್ಕೆ ಪುನಃ ಕಾಂಗ್ರೆಸ್. 2004ರಲ್ಲಿ ಕಮಲ, ಮರುವರ್ಷವೇ ಸೈಕಲ್, ಎರಡರಲ್ಲೂ ಶಿವಮೊಗ್ಗ ಎಂಪಿ! 2009ಕ್ಕೆ ಮತ್ತೆ ಕಾಂಗ್ರೆಸ್, ಸೋಲು. ಕೊನೆಗೆ ಜೆಡಿಎಸ್. 2011ರ ಡಿಸೆಂಬರಿನಲ್ಲಿ ತೀರಿಕೊಂಡರು.

ಇಷ್ಟು ಸಲ ಮನೆ ಬದಲಾಯಿಸಿದರೂ ಸೊರಬದಲ್ಲಿ ಏಳು ಸಲ ಅವರನ್ನೇ ಆರಿಸಿದ್ದು ನಮ್ಮ ಹಿರಿಯರು. ಚಿಹ್ನೆ ನೋಡಿ ಅಲ್ಲ, ಹೆಸರು ನೋಡಿ. ಕಾಗೋಡು ಸತ್ಯಾಗ್ರಹ ಕಂಡ ಸೀಮೆ ಇದು. ಗೇಣಿ ಅಳೆದು ಸಾಕಾಗಿದ್ದ ಮನೆಗಳಿಗೆ ತಮ್ಮವನೊಬ್ಬ ವಿಧಾನಸೌಧದಲ್ಲಿ ಎದ್ದು ನಿಂತು ಮಾತಾಡ್ತಾನೆ ಅನ್ನೋದೇ ದೊಡ್ಡದು. ಅದನ್ನ ನಗೆಚಾಟಿಕೆ ಮಾಡೋರ ಜೊತೆ ನಾನಿಲ್ಲ.

ಆದರೆ ನಮಗೆ ದಕ್ಕಿದ್ದು ಯಾವಾಗ, ಅದನ್ನ ನೋಡಿ. 10 ಎಚ್‌ಪಿ ತನಕದ ಪಂಪ್‌ಸೆಟ್ಟಿಗೆ ಉಚಿತ ಕರೆಂಟು, ಆಶ್ರಯ ಮನೆ, ಬಗರ್ ಹುಕುಂ ಫಾರಂ 50, ಮೂರೂ ಆ ಎರಡು ವರ್ಷದ್ದೇ. ಕೈಯಲ್ಲಿ ಪೂರ್ತಿ ಸರ್ಕಾರ ಇತ್ತು, ಆಯ್ತು. ಆಮೇಲೆ ಕಟ್ಟಿದ ಪಕ್ಷಗಳೆಲ್ಲ ಒಂದೆರಡು ಚುನಾವಣೆಯ ಚಪ್ಪರ. ಓಟು ಮುಗಿದ ಮೇಲೆ ಹೋಬಳಿಯಲ್ಲಿ ಕಡತ ಹಿಡಿದು ಓಡಾಡೋ ಒಬ್ಬ ಕಾರ್ಯಕರ್ತನನ್ನೂ ಅವು ಉಳಿಸಲಿಲ್ಲ. ಇದ್ದೋರೆಲ್ಲ ಯಜಮಾನರ ಹಿಂದೆ ಮುಂದಿನ ಚಪ್ಪರಕ್ಕೆ ಹೋದರು.

ಬಗರ್ ಹುಕುಂ ಸಮಿತಿ ಹೇಗೆ ನಡೀತದೆ ಅಂತ ನಿಮಗೆ ಗೊತ್ತೇ ಇದೆ. ಶಾಸಕರು ಅಧ್ಯಕ್ಷರು, ತಹಶೀಲ್ದಾರರು ಕಾರ್ಯದರ್ಶಿ, ಉಳಿದ ಸದಸ್ಯರನ್ನ ನೇಮಿಸೋದು ಸರ್ಕಾರ. ಸರ್ಕಾರ ಬದಲಾದರೆ ಸಮಿತಿಯೂ ಹೊಸದು. ಸಮಿತಿ ಇಲ್ಲದಿದ್ದರೆ ಸಭೆ ಇಲ್ಲ, ಸಭೆ ಇಲ್ಲದಿದ್ದರೆ ಸಾಗುವಳಿ ಚೀಟಿ ಇಲ್ಲ. ಸಣ್ಣ ಪಕ್ಷದ ದೊಡ್ಡ ನಾಯಕ ಭಾಷಣದಲ್ಲಿ ಎಷ್ಟೇ ಗುಡುಗಿದರೂ ಆ ಮೇಜಿನ ಸುತ್ತ ಅವರ ಕಡೆಯವರಿಗೆ ಕುರ್ಚಿ ಇರಲ್ಲ. ಫಾರಂ 50 ಆಯ್ತು, 53 ಆಯ್ತು, 2018ರಲ್ಲಿ 57 ಬಂತು. ಅಪ್ಪ ಕೊಟ್ಟ ಅರ್ಜಿಗೆ ಮಗ ಓಡಾಡ್ತಿರೋ ಮನೆಗಳು ನಮ್ಮ ಸುತ್ತ ಎಷ್ಟಿವೆ, ನೀವೇ ಎಣಿಸಿ.

ನಮ್ಮದೂ ಪಾಲಿದೆ. ಯಾವ ಚಿಹ್ನೆಯಲ್ಲಿ ನಿಂತರೂ ಓಟು ಗ್ಯಾರಂಟಿ ಅಂತಾದ ಮೇಲೆ ನಾಯಕರು ನಮ್ಮನ್ನ ಯಾಕೆ ಕೇಳ್ತಾರೆ? 2004ರಲ್ಲಿ ಸೊರಬದಲ್ಲಿ ಅಣ್ಣ ಕಾಂಗ್ರೆಸ್ಸಿಂದ, ತಮ್ಮ ಬಿಜೆಪಿಯಿಂದ ಎದುರುಬದುರು ನಿಂತರು. ಒಂದೇ ಮನೆಯ ಜಗಳಕ್ಕೆ ಊರೂರೇ ಎರಡು ಹೋಳಾಯ್ತು. ಆ ಗಲಾಟೆಯಲ್ಲಿ ಹಕ್ಕುಪತ್ರದ ಮಾತು ಎತ್ತಿದವರು ಎಷ್ಟು ಜನ?

ಈಗಲೂ ಟವಲ್ ಬದಲಾಯಿಸಿಕೊಂಡು ಅಂಗಳಕ್ಕೆ ಬರೋರು ಇದ್ದಾರೆ. ಬರಲಿ, ಕಾಫಿ ಕೊಡೋಣ. ಯಾವ ಪಕ್ಷ ಅಂತ ಕೇಳೋ ಮೊದಲು, ಸಮಿತಿ ಸಭೆ ಕೊನೆಗೆ ನಡೆದದ್ದು ಯಾವ ತಾರೀಖು, ನಮ್ಮೂರಿನ ಎಷ್ಟು ಅರ್ಜಿ ತೆಗೆದರು, ವಜಾ ಮಾಡಿದ್ದಕ್ಕೆ ಕಾರಣ ಏನು ಬರೆದರು ಅಂತ ಕೇಳಿ. ಫಾರಂ 57 ಹಾಕಿದವರು ಸ್ವೀಕೃತಿ ಚೀಟಿಯ ಒಂದು ಜೆರಾಕ್ಸ್ ಮಾಡಿಸಿ ಇಟ್ಕೊಳ್ಳಿ. ಮಳೆಗಾಲದಲ್ಲಿ ಗೆದ್ದಲು ಹಿಡಿದರೆ ಆಮೇಲೆ ತಾಲೂಕು ಆಫೀಸಲ್ಲಿ ಹುಡುಕಿಸೋದು ದೊಡ್ಡ ಪಜೀತಿ.