ದೋಣಿಗಲ್‌ನ ಗುಡ್ಡ ಎಲ್ಲರಿಗೂ ಯಾಕೆ ಬೇಕು?

ಸಕಲೇಶಪುರ ದಾಟಿ ಮಂಗಳೂರಿನ ಕಡೆ ಹೊರಟರೆ ಐದಾರು ಕಿಲೋಮೀಟರಿನೊಳಗೆ ದೋಣಿಗಲ್ ಸಿಗುತ್ತದೆ. ಊರು ಸಣ್ಣದು. ಆದರೂ ಕೋಟೆ, ರಾಷ್ಟ್ರೀಯ ಹೆದ್ದಾರಿ, ರೈಲು ನಿಲ್ದಾಣ, ಏಲಕ್ಕಿ ಸಂಶೋಧನಾ ಕೇಂದ್ರ ಎಲ್ಲವೂ ಇಲ್ಲಿವೆ. ಮಳೆಗಾಲದಲ್ಲಿ ಧರೆ ಕುಸಿದ ಸುದ್ದಿಯೂ ಇಲ್ಲಿಂದಲೇ ಬರುತ್ತದೆ. ಇಷ್ಟಕ್ಕೂ ಕಾರಣ ಊರಿರುವ ಜಾಗ.

ಪೂರ್ವದ ಆಲೂರು ಅರೆಮಲೆನಾಡು: ಗದ್ದೆ, ಶುಂಠಿ ಹೊಲ, ದಿಣ್ಣೆ. ಪಶ್ಚಿಮಕ್ಕೆ ಬಂದಂತೆ ಮಳೆ, ಗುಡ್ಡ, ಕಾಫಿ ತೋಟ ಮೂರೂ ಹೆಚ್ಚುತ್ತವೆ. ದೋಣಿಗಲ್ ಕಳೆದರೆ ಶಿರಾಡಿ ಘಾಟಿಯ ಇಳಿಜಾರು. ಸಕಲೇಶಪುರದ ಮಳೆನೀರು ಹೇಮಾವತಿಗೆ ಸೇರಿ, ಗೊರೂರಿನ ಅಣೆಕಟ್ಟು ದಾಟಿ, ಕಾವೇರಿಯೊಂದಿಗೆ ಬಂಗಾಳಕೊಲ್ಲಿಗೆ ಹೋಗುತ್ತದೆ. ಘಾಟಿಯ ಕೆಂಪುಹೊಳೆಗೆ ಬಿದ್ದದ್ದು ಕುಮಾರಧಾರಾ, ನೇತ್ರಾವತಿಯ ಮೂಲಕ ಅರಬ್ಬಿ ಸಮುದ್ರ ಸೇರುತ್ತದೆ.

ಘಟ್ಟದ ಮೇಲಿನವರಿಗೆ ಬಂದರು ಬೇಕು, ಕೆಳಗಿನವರಿಗೆ ಬಯಲಿನ ದಾರಿ ಬೇಕು. ಟಿಪ್ಪು ಸುಲ್ತಾನನಿಗೂ ಮಂಗಳೂರಿನ ದಾರಿ ಕೈಯಲ್ಲಿರಬೇಕಿತ್ತು. 1792ರ ಹೊತ್ತಿಗೆ ಸಿದ್ಧವಾದ ಇಲ್ಲಿನ ಮಂಜರಾಬಾದ್ ಕೋಟೆಗೆ ಎಂಟು ಮೂಲೆಗಳ ನಕ್ಷತ್ರದ ಆಕಾರ. ಮುಂಚಾಚಿದ ಒಂದು ಮೂಲೆಯಿಂದ ಪಕ್ಕದ ಗೋಡೆಯ ಬುಡ ಕಾಣುತ್ತದೆ. ಗೋಡೆಗೆ ಒತ್ತಿ ನಿಂತ ಶತ್ರುವಿಗೂ ಮರೆ ಸಿಗದು. ಒಳಗೆ ನೆಲ ತೋಡಿ ಮಾಡಿದ ಮೆಟ್ಟಿಲುಗಳ ಕೊಳವಿದೆ. ಟಿಪ್ಪು ಸತ್ತ ಮೇಲೂ ಬಲಂ ಎನ್ನುತ್ತಿದ್ದ ಈ ಸೀಮೆ ಬ್ರಿಟಿಷರಿಗೆ ಸುಲಭವಾಗಿ ಒಗ್ಗಲಿಲ್ಲ. ಇಲ್ಲಿನ ಪಾಳೆಯಗಾರ ವೆಂಕಟಾದ್ರಿ ನಾಯಕನನ್ನು 1802ರಲ್ಲಿ ಆರ್ಥರ್ ವೆಲ್ಲೆಸ್ಲಿಯ ಪಡೆ ಹಿಡಿದು ಗಲ್ಲಿಗೇರಿಸಿತು.

ಆಮೇಲೆ ಬಂದದ್ದು ಕಾಫಿ. 1843ರಲ್ಲಿ ಫ್ರೆಡರಿಕ್ ಗ್ರೀನ್ ಇದೇ ಮಂಜರಾಬಾದ್ ಸೀಮೆಯಲ್ಲಿ ತೋಟ ಆರಂಭಿಸಿದ. ಬೆಳೆದ ಕಾಫಿ ಕರಾವಳಿ ಮುಟ್ಟಬೇಕಾದರೆ ಗಾಡಿರಸ್ತೆ ಬೇಕಾಯಿತು. ಮುಂದೆ 1979ರಲ್ಲಿ ಹಾಸನ–ಮಂಗಳೂರು ಮೀಟರ್‌ಗೇಜ್ ರೈಲು ಬಂತು. ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ನಿಲ್ದಾಣಗಳ ನಡುವಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ. ಇಳಿಜಾರು 50 ಅಡಿಗೆ ಒಂದಡಿ. 1996ರಲ್ಲಿ ಗೇಜ್ ಬದಲಾವಣೆಗೆ ನಿಂತ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ.

ಈಗ ಎತ್ತಿನಹೊಳೆ ಯೋಜನೆ ಪಶ್ಚಿಮಕ್ಕೆ ಹರಿಯುವ ನೀರನ್ನು ಪಂಪು ಮಾಡಿ ಪೂರ್ವಕ್ಕೆ ದಾಟಿಸುತ್ತಿದೆ. ಹೆದ್ದಾರಿ ಅಗಲವಾಗುತ್ತಿದೆ. 2021 ಮತ್ತು 2022ರ ಜುಲೈನಲ್ಲಿ ದೋಣಿಗಲ್ ಬಳಿಯೇ ಹೆದ್ದಾರಿ ಕುಸಿಯಿತು; 2024ರ ಜುಲೈನಲ್ಲಿ ಘಾಟಿಯ ರೈಲು ಮಾರ್ಗದ ಎಡಕುಮೇರಿ–ಕಡಗರವಳ್ಳಿ ನಿಲ್ದಾಣಗಳ ನಡುವೆ ಹಳಿಯ ಕೆಳಗಿನ ಮಣ್ಣು ಜಾರಿ ರೈಲು ನಿಂತಿತು.

ಮಳೆಯನ್ನಷ್ಟೇ ದೂರಿದರೆ ಸಾಲದು. ಇಲ್ಲಿ ಬಂಡೆಯ ಮೇಲೆ ದಪ್ಪನೆಯ ಮಣ್ಣಿನ ಪದರವಿದೆ. ವಾರಗಟ್ಟಲೆ ಸುರಿದ ನೀರು ಇಂಗಿ ಅದನ್ನು ಭಾರವಾಗಿಸುತ್ತದೆ, ಸಡಿಲಗೊಳಿಸುತ್ತದೆ. ಅದೇ ಗುಡ್ಡದ ಬುಡವನ್ನು ಗೋಡೆಯಂತೆ ನೇರವಾಗಿ ಕಡಿದರೆ ಮಣ್ಣಿಗಿದ್ದ ಆಸರೆಯೇ ಹೋಗುತ್ತದೆ. ಓರೆಯಾಗಿ, ಹಂತಹಂತವಾಗಿ ಕಡಿದು, ನೀರು ಬಸಿಯಲು ದಾರಿ ಬಿಟ್ಟರೆ ಅಪಾಯ ತಗ್ಗುತ್ತದೆ. ಆದರೆ ಅದಕ್ಕೆ ಜಾಗ, ದುಡ್ಡು, ಸಮಯ ಮೂರೂ ಹೆಚ್ಚು ಬೇಕು.

ಹೆದ್ದಾರಿ, ರೈಲು, ನೀರಾವರಿ ಇಲಾಖೆಗಳು ತಮ್ಮ ತಮ್ಮ ಕಾಮಗಾರಿಯ ಲೆಕ್ಕವನ್ನಷ್ಟೇ ನೋಡುತ್ತವೆ. ಗುಡ್ಡಕ್ಕೆ ಮಾತ್ರ ಎಲ್ಲರ ಅಗೆತವೂ ಸೇರಿಯೇ ತಟ್ಟುತ್ತದೆ. ದಾರಿ ಬೇಡವೆನ್ನುವವರು ಇಲ್ಲಿ ಯಾರೂ ಇಲ್ಲ. ಈ ಗುಡ್ಡಸಾಲಿನಲ್ಲಿ ಇನ್ನೆಷ್ಟು ಅಗೆಯಬಹುದು ಎಂಬುದನ್ನು ಮೂರೂ ಇಲಾಖೆಯವರು ಒಟ್ಟಿಗೆ ಕೂತು, ಮುಂದಿನ ಟೆಂಡರು ಕರೆಯುವ ಮೊದಲೇ ತೀರ್ಮಾನಿಸಬೇಕು.