ಬಿದ್ದವನದೇ ತಪ್ಪು ಅನ್ನೋರಿಗೆ...

ಸೈಕಲ್ ರೇಸಿನ ಹುಡುಗ ಬಿದ್ದ ಅನ್ನೋ ಸುದ್ದಿ ಬಂದಾಗಲೆಲ್ಲ ನಮ್ಮ ಕಡೆ ಮೊದಲು ಕೇಳೋ ಪ್ರಶ್ನೆ ಒಂದೇ. "ನೋಡಿ ಹೊಡಿಬೇಕಿಲ್ಲೇನು ತಮ್ಮಾ?" ಗೆಳೆಯರೇ, ಈ ಮಾತು ಕೇಳಿ ಕೇಳಿ ಸಾಕಾಗಿದೆ. ಅದಕ್ಕೇ ಇವತ್ತು ಕುಟ್ಟುತ್ತಾ ಕೂತಿದ್ದೇನೆ.

ಬೆಂಗಳೂರು, ಮೈಸೂರು, ಮಂಗಳೂರಿನ ಓದುಗರಿಗಾಗಿ ಚೂರು ಪೀಠಿಕೆ. ನಮ್ಮ ವಿಜಯಪುರ (ನಿಮ್ಮ ಬಾಯಲ್ಲಿ ಇನ್ನೂ ಬಿಜಾಪುರ) ಸೈಕಲ್ ಪಟುಗಳ ತವರು. ಹೊಲದಲ್ಲಿ ದುಡಿಯೋ ಮನೆಗಳಿಂದ ಬಂದ ಹುಡುಗ ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಪದಕ ತರ್ತಾರೆ. ಪೇಪರಿನಲ್ಲಿ ಫೋಟೋ ಬರುತ್ತೆ, ಶಾಲು ಹೊದಿಸ್ತಾರೆ, ಹಾರ ಹಾಕ್ತಾರೆ. ಮರುದಿನ ಬೆಳಿಗ್ಗೆ ಆ ಹುಡುಗ ಮತ್ತೆ ಹೆದ್ದಾರಿಗೆ ಇಳೀತಾನೆ, ಲಾರಿಗಳ ನಡುವೆ.

ಆ ರಸ್ತೆ ಹೇಗಿದೆ ಅಂತ ಕೇಳಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲಾ ಕಡೆ ಎರಿ ಭೂಮಿ. ಎರೆಮಣ್ಣು ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರಿಯುತ್ತೆ. ಮೇಲಿನ ಡಾಂಬರೂ ಅದರ ಜೊತೆ ಅಲೆಅಲೆಯಾಗಿ ಏಳುತ್ತೆ. ಮಳೆ ಬಂದ ದಿನ ಹೊಲದಿಂದ ಹತ್ತಿದ ಟ್ರ್ಯಾಕ್ಟರಿನ ಗಾಲಿಗೆ ಅಂಟಿದ ಕೆಸರು ರಸ್ತೆಗೆ ಬಿದ್ದು ಬೆಣ್ಣೆ ಸವರಿದಂಗಾಗುತ್ತೆ. ಚಳಿಗಾಲ ಬಂತೆಂದರೆ ಕಬ್ಬಿನ ಹಂಗಾಮು. ಹಿಂದೆ ಎರಡೆರಡು ಟ್ರೇಲರ್ ಕಟ್ಟಿಕೊಂಡು, ಕೆಂಪು ದೀಪವಿಲ್ಲದೆ, ರವದಿ ಉದುರಿಸ್ತಾ ಹೋಗೋ ಟ್ರ್ಯಾಕ್ಟರುಗಳು. ಇದರ ಮೇಲೆ, ತೊಗರಿ ರಾಶಿಯ ಹೊತ್ತಿಗೆ ರಸ್ತೆಯೇ ಕಣ! ವಾಹನ ಹಾಯಲಿ ಅಂತ ಬೆಳೆ ಹಾಸಿರ್ತಾರೆ. ಬಣ್ಣ ಬಳಿಯದ ಹಂಪ್ಸ್ ಬಗ್ಗೆ ಹೇಳೋದೇ ಬೇಡ.

ಈ ರಸ್ತೆಯಲ್ಲಿ ಹೆಬ್ಬೆರಳಿನಷ್ಟು ಅಗಲದ ಟೈರಿನ ಮೇಲೆ, ತಲೆ ತಗ್ಗಿಸಿ, ಗಂಟೆಗೆ 45 ಕಿಲೋಮೀಟರ್ ವೇಗದಲ್ಲಿ ಹದಿನಾರರ ಹುಡುಗಿ ಹೋಗಬೇಕು. ಬಿದ್ದರೆ "ನೋಡಿ ಹೊಡಿಬೇಕಿಲ್ಲೇನು?" ಅಂತೆ.

ಇದು ನಮ್ಮೂರಿನ ರೋಗ ಮಾತ್ರ ಅಲ್ಲ ಬಿಡಿ. 2010ರ ಫೆಬ್ರುವರಿ 12ರಂದು, ವ್ಯಾಂಕೂವರ್ ಚಳಿಗಾಲದ ಒಲಿಂಪಿಕ್ಸ್ ಉದ್ಘಾಟನೆಗೆ ಕೆಲವೇ ಗಂಟೆ ಇರುವಾಗ, ಜಾರ್ಜಿಯಾ ದೇಶದ 21 ವರ್ಷದ ನೋಡಾರ್ ಕುಮಾರಿಟಾಶ್ವಿಲಿ ತೀರಿಕೊಂಡ. ಅವನ ಆಟ ಲೂಜ್. ಮಂಜುಗಡ್ಡೆಯ ಕಾಲುವೆಯಲ್ಲಿ ಪುಟ್ಟ ಜಾರುಬಂಡಿ ಮೇಲೆ ಅಂಗಾತ ಮಲಗಿ ಜಾರೋದು. ಅಭ್ಯಾಸದ ವೇಳೆ ಗಂಟೆಗೆ 140 ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಕೊನೆಯ ತಿರುವಿನಲ್ಲಿ ಹಿಡಿತ ತಪ್ಪಿ, ಗೋಡೆ ದಾಟಿ ಹಾರಿ, ಪಕ್ಕದ ಉಕ್ಕಿನ ಕಂಬಕ್ಕೆ ಬಡಿದ. ಆ ಕಂಬಕ್ಕೆ ಒಂದು ಮೆತ್ತೆ ಕೂಡ ಸುತ್ತಿರಲಿಲ್ಲ. ಸಂಘಟಕರು ಏನಂದರು ಗೊತ್ತಾ? ಟ್ರ್ಯಾಕಿನ ದೋಷ ಅಲ್ಲ, ಹುಡುಗ ತಿರುವಿಂದ ತಡವಾಗಿ ಹೊರಬಂದ ಅಂತ. ಹಾಗಂದವರೇ ಗೋಡೆ ಎತ್ತರಿಸಿದರು, ಓಟ ಶುರುವಾಗೋ ಜಾಗವನ್ನ ಕೆಳಗಿಳಿಸಿ ವೇಗ ತಗ್ಗಿಸಿದರು. ಟ್ರ್ಯಾಕ್ ಸರಿ ಇದ್ದಿದ್ದರೆ ಗೋಡೆ ಯಾಕೆ ಏರಿಸಿದಿರಿ ಸ್ವಾಮಿ?

ಆ ಕೂಟದಲ್ಲಿ ನಮ್ಮ ದೇಶದ ಶಿವ ಕೇಶವನ್ ಕೂಡ ಇದೇ ಟ್ರ್ಯಾಕಿನಲ್ಲಿ ಇಳಿದಿದ್ದರು. ಭಾರತದಲ್ಲಿ ಲೂಜ್ ಟ್ರ್ಯಾಕ್ ಇಲ್ಲದ್ದಕ್ಕೆ ಅವರು ಜಾರುಬಂಡಿಗೆ ಗಾಲಿ ಹಾಕಿಸಿ ಹಿಮಾಲಯದ ರಸ್ತೆಗಳಲ್ಲಿ ವಾಹನಗಳ ನಡುವೆ ಅಭ್ಯಾಸ ಮಾಡಿದವರು. ಅದನ್ನ ನಾವೆಲ್ಲ ಸಾಹಸ ಅಂತ ಚಪ್ಪಾಳೆ ಹೊಡೆದು ನೋಡಿದೆವು. ನನಗೇನೋ ಅದು ವ್ಯವಸ್ಥೆಯ ನಾಚಿಕೆಗೇಡು ಅನ್ಸುತ್ತೆ. ಸಿಂದಗಿ ರಸ್ತೆಯ ಹುಡುಗನದೂ ಅದೇ ಕತೆ.

ಸೈಕಲ್ ಲೋಕಕ್ಕೇ ಬರೋಣ. 2020ರ ಆಗಸ್ಟಿನಲ್ಲಿ ಪೋಲೆಂಡಿನ ಕಟೋವಿತ್ಸೆಯಲ್ಲಿ ಮುಕ್ತಾಯದ ಗೆರೆಯನ್ನ ಇಳಿಜಾರಿನಲ್ಲಿ ಎಳೆದಿದ್ದರು. ಗಂಟೆಗೆ 80 ಕಿಲೋಮೀಟರ್ ಹತ್ತಿರದ ವೇಗದಲ್ಲಿ ಡೈಲನ್ ಗ್ರೂನೆವೆಗೆನ್ ಅಡ್ಡ ಸರಿದ, ಫ್ಯಾಬಿಯೋ ಯಾಕೊಬ್ಸೆನ್ ಬೇಲಿಗೆ ಬಡಿದು ಕೋಮಾಕ್ಕೆ ಹೋದ. ಅಡ್ಡ ಬಂದವನಿಗೆ ಒಂಬತ್ತು ತಿಂಗಳ ನಿಷೇಧ. ಸರಿ, ತಪ್ಪು ಮಾಡಿದ್ದ. ಆದರೆ ಇಳಿಜಾರಿನಲ್ಲಿ ಗೆರೆ ಎಳೆದವರಿಗೆ? ಮನುಷ್ಯ ತಪ್ಪು ಮಾಡೇ ಮಾಡ್ತಾನೆ. ಆ ತಪ್ಪಿಗೆ ಮೊಣಕಾಲು ತರಚಬೇಕೋ, ಜೀವ ಹೋಗಬೇಕೋ ಅನ್ನೋದನ್ನ ನಿರ್ಧರಿಸೋದು ದಾರಿ ಕಟ್ಟಿದವನು. ನನ್ನ ವಾದ ಇಷ್ಟೇ.

"ವೆಲೊಡ್ರೋಮ್ ಕಟ್ತಿದಾರಲ್ಲ, ಇನ್ನೇನು?" ಅಂತ ಅಂದವರೇ ಹೆಚ್ಚು. ವಿಜಯಪುರದ ವೆಲೊಡ್ರೋಮ್ ಕಾಮಗಾರಿ ವರ್ಷಗಟ್ಟಲೆ ಹೇಗೆ ಎಳೀತು ಅನ್ನೋದು ನಮ್ಮ ಕಡೆಯವರಿಗೆಲ್ಲ ಗೊತ್ತು. ಅದು ಬೇಕೇ ಬೇಕು. ಟ್ರ್ಯಾಕ್ ಸೈಕಲಿಗೆ ಬ್ರೇಕೇ ಇರೋದಿಲ್ಲ, ಅದನ್ನ ರಸ್ತೆಯಲ್ಲಿ ಹೊಡೆಯೋದು ಆತ್ಮಹತ್ಯೆಯೇ ಸೈ. ಆದರೆ ವೆಲೊಡ್ರೋಮ್ ಅಂದರೆ ಬರೀ ಕಾಂಕ್ರೀಟಿನ ಬಟ್ಟಲು ಅಲ್ಲ. ವೇಗ ಎರಡು ಪಟ್ಟಾದರೆ ತಿರುವಿನಲ್ಲಿ ಹೊರಕ್ಕೆ ಎಳೆಯೋ ಬಲ ನಾಲ್ಕು ಪಟ್ಟು. ಅದಕ್ಕೇ 250 ಮೀಟರಿನ ಒಲಿಂಪಿಕ್ ಟ್ರ್ಯಾಕುಗಳ ತಿರುವು 42 ಡಿಗ್ರಿ ಆಸುಪಾಸು ವಾಲಿರುತ್ತೆ. ವಾಲಿಕೆ, ಮೇಲ್ಮೈ, ಒಳಗಿನ ಖಾಲಿ ಜಾಗ, ಹೊರಗಿನ ಬೇಲಿಯ ಎತ್ತರ, ಇದರಲ್ಲಿ ಒಂದು ಎಡವಟ್ಟಾದರೂ ಅಪಾಯ. 2022ರ ಕಾಮನ್‌ವೆಲ್ತ್ ಕೂಟದಲ್ಲಿ, ಲಂಡನ್ ಒಲಿಂಪಿಕ್ಸಿಗೆ ಕಟ್ಟಿದ ಟ್ರ್ಯಾಕಿನಲ್ಲೇ, ಮ್ಯಾಟ್ ವಾಲ್ಸ್ ಬೇಲಿ ದಾಟಿ ಪ್ರೇಕ್ಷಕರ ಮೇಲೆ ಬಿದ್ದ. ಅಲ್ಲೇ ಹೀಗಾದರೆ ನಮ್ಮ ಗುತ್ತಿಗೆದಾರರ ಕೆಲಸವನ್ನ ಯಾರು ಅಳೆದು ನೋಡ್ತಾರೆ? ರಿಬ್ಬನ್ ಕತ್ತರಿಸೋರಂತೂ ಅಲ್ಲ. ಮೇಲಾಗಿ ನಮ್ಮ ತಾಲ್ಲೂಕುಗಳಿಂದ ಜಿಲ್ಲಾ ಕೇಂದ್ರಕ್ಕೆ 40ರಿಂದ 80 ಕಿಲೋಮೀಟರ್. ಮುದ್ದೇಬಿಹಾಳದ ಹುಡುಗಿ ದಿನಾ ಅಲ್ಲಿಗೆ ಹೋಗ್ತಾಳಾ? ರೋಡ್ ರೇಸಿನವರು ಹೇಗೂ ರೋಡಿನಲ್ಲೇ ಕಲೀಬೇಕು.

"ದುಡ್ಡೆಲ್ಲಿದೆ?" ಅಂತೀರಾ. ದುಡ್ಡೇ ಬೇಡದ್ದನ್ನ ಹೇಳ್ತೀನಿ, ಕೇಳಿ. ಪ್ರತಿ ತಾಲ್ಲೂಕಿಗೆ ಒಂದು ಕವಲು ರಸ್ತೆ ಗುರುತಿಸಿ, ಬೆಳಿಗ್ಗೆ ಎರಡು ತಾಸು ಅಲ್ಲಿ ಕಬ್ಬಿನ ಗಾಡಿ ಬಿಡಬೇಡಿ. ಅಭ್ಯಾಸದ ಗುಂಪಿನ ಹಿಂದೆ ಒಂದು ವಾಹನ, ಅದಕ್ಕೊಂದು ಕೆಂಪು ಬಾವುಟ. ಜಾತ್ರೆಯ ಸೈಕಲ್ ಓಟವೇ ಇರಲಿ, ಹೆಲ್ಮೆಟ್ ಇಲ್ಲದವನಿಗೆ ನಂಬರ್ ಕೊಡಬೇಡಿ. 2003ರಲ್ಲಿ ಪ್ಯಾರಿಸ್-ನೀಸ್ ಓಟದಲ್ಲಿ ಬಿದ್ದು ಆಂದ್ರೆ ಕಿವಿಲೆವ್ ಸತ್ತ ಮೇಲೇ ದೊಡ್ಡ ರೇಸುಗಳಲ್ಲಿ ಹೆಲ್ಮೆಟ್ ಕಡ್ಡಾಯ ಆಗಿದ್ದು. ನಮಗೂ ಒಂದು ಹೆಣ ಬೇಕಾ? ಮುಕ್ತಾಯದ ಗೆರೆ ನೇರ ರಸ್ತೆಯಲ್ಲಿರಲಿ, ಬಸ್‌ಸ್ಟ್ಯಾಂಡ್ ಮುಂದೆ ಬೇಡ. ತಿರುವಿನಲ್ಲಿರೋ ಕಂಬಗಳಿಗೆ ಕಣಿಕೆ ಸಿವುಡು ಕಟ್ಟಿ. ಜೋಳದ ನಾಡಿನಲ್ಲಿ ಕಣಿಕೆಗೆ ಬರವೇನ್ರೀ?

"ನಮ್ಮ ಹುಡುಗರು ಗಟ್ಟಿ, ಇಂಥ ರಸ್ತೆಯಲ್ಲಿ ಬೆಳೆದಿದ್ದಕ್ಕೇ ಪದಕ ಹೊಡೀತಾರೆ" ಅನ್ನೋ ಮಾತೂ ಉಂಟು. ಇದರಷ್ಟು ಕ್ರೂರವಾದ ಹೊಗಳಿಕೆ ಇನ್ನೊಂದಿಲ್ಲ. ಗೆದ್ದವರನ್ನ ಎಣಿಸ್ತೀರಿ. ಒಂದು ಸಲ ಬಿದ್ದು, ಆಸ್ಪತ್ರೆ ಬಿಲ್ಲು ಕಟ್ಟಲಾಗದೆ ಸೈಕಲ್ ಮಾರಿ ಮನೆಗೆ ಹೋದವರ ಲೆಕ್ಕ ಯಾರ ಹತ್ತಿರ ಇದೆ?

ನಿಮ್ಮೂರ ಕಡೆ ಸೈಕಲ್ ಓಟ ಇದ್ದರೆ ಒಂದು ಉಪಕಾರ ಮಾಡಿ. ಹಿಂದಿನ ದಿನವೇ ಹೋಗಿ ಗೆರೆ ಎಲ್ಲಿ ಎಳೆದಿದ್ದಾರೆ, ತಿರುವಿನಲ್ಲಿ ಏನಿದೆ ಅಂತ ನೋಡಿ, ಫೋಟೋ ಹಾಕಿ, ಬರೀರಿ. ಹುಡುಗ ಬಿದ್ದ ಮೇಲೆ "ಅಯ್ಯೋ ಪಾಪ" ಅಂತ ಬರೆಯೋದು ನಮಗೆಲ್ಲ ಬರುತ್ತೆ, ಬೀಳೋ ಮೊದಲು ಬರೆಯೋಣ.

ಏನಂತೀರಿ?