ಪಿಂಚಣಿ ಮಾರುವವರೂ ನಮ್ಮ ಮುಪ್ಪೂ

ಮುಪ್ಪಿನ ಚಿಂತೆ ಇಲ್ಲದ ದುಡಿಮೆಗಾರನಿಲ್ಲ. ಗಲ್ಲೆಯ ಮೇಲೆ ಕೂತವನಿಗೆ ಆ ಚಿಂತೆ ರಾತ್ರಿ ಬಂದರೆ, ಮೋರಿಯ ಬಳಿ ತಟ್ಟೆ ತೊಳೆಯುವವನಿಗೆ ಹಗಲೂ ಇರುತ್ತದೆ. ಈ ಚಿಂತೆಯೇ ಈಗ ಕೆಲವರಿಗೆ ವ್ಯಾಪಾರದ ಸರಕಾಗಿದೆ. ಊರಿಗೆ ಹಣ ಕಳಿಸಲೆಂದು ಬ್ಯಾಂಕಿಗೆ ಹೋದ ನಮ್ಮ ಸಪ್ಲಾಯರನನ್ನು ಕುರ್ಚಿ ಕೊಟ್ಟು ಕೂರಿಸಿ, “ಇವತ್ತೇ ಕೊನೆಯ ದಿನ, ಸಹಿ ಹಾಕಿ, ಮುಪ್ಪಿಗೆ ಪಿಂಚಣಿ ಬರುತ್ತದೆ” ಎನ್ನುವವರಿದ್ದಾರೆ. ಕಾಗದ ಇಂಗ್ಲಿಷಿನಲ್ಲಿರುತ್ತದೆ. ಒಂದೇ ಸಲ ಕಟ್ಟಿದರೆ ಮುಗಿಯಿತೆಂದು ಅವನು ನಂಬಿದ್ದು, ವರ್ಷ ವರ್ಷವೂ ಕಟ್ಟಬೇಕಾದ ಹಣವೆಂದು ತಿಳಿಯುವುದು ಎರಡನೆಯ ಕಂತಿನ ನೋಟೀಸು ಬಂದಾಗಲೇ.

ಹೀಗೆ ಸಿಕ್ಕಿಕೊಂಡವರು ಮೊದಲು ಮಾಡುವ ಕೆಲಸವೆಂದರೆ ಸುಮ್ಮನಾಗುವುದು. “ನಾನೇ ದಡ್ಡ, ಯಾರಿಗೆ ಹೇಳಲಿ?” ಎಂದು ಆ ಕಾಗದವನ್ನು ಟ್ರಂಕಿನ ತಳಕ್ಕೆ ಹಾಕುತ್ತಾರೆ. ಬಂಧುಗಳೇ, ಈ ನಾಚಿಕೆ ನಮಗೆ ಸಲ್ಲದು. ಅದರಿಂದ ಲಾಭವಾಗುವುದು ಮಾರಿದವನಿಗೆ ಮಾತ್ರ.

ಓದು ಬಾರದವರಷ್ಟೇ ಹೀಗೆ ಮೋಸಹೋಗುತ್ತಾರೆಂಬ ಮಾತು ಸುಳ್ಳು ಎಂಬುದಕ್ಕೆ ಬ್ರಿಟನ್ನಿನ ಉದಾಹರಣೆ ಇದೆ. ಅಲ್ಲಿ ಥ್ಯಾಚರ್ ಸರಕಾರವು 1986ರಲ್ಲಿ ಕಾಯಿದೆ ಮಾಡಿ, ನೌಕರರು ಕೆಲಸದ ಜಾಗದ ಪಿಂಚಣಿಯನ್ನು ಬಿಟ್ಟು ಸ್ವಂತ ಪಿಂಚಣಿ ಕೊಳ್ಳಬಹುದೆಂದಿತು. 1988ರಿಂದ ಕಮಿಷನ್ನಿಗೆ ದುಡಿಯುವ ಮಾರಾಟಗಾರರು ಬೆನ್ನು ಹತ್ತಿದರು. ಕಲ್ಲಿದ್ದಲು ಗಣಿಯವರು, ಉಕ್ಕಿನ ಕಾರ್ಖಾನೆಯವರು, ದಾದಿಯರು, ಶಾಲಾ ಮೇಷ್ಟರು ಸಹ ಸಹಿ ಹಾಕಿದರು. ಹಳೆಯ ಯೋಜನೆಯಲ್ಲಿ ಮಾಲೀಕನೂ ತನ್ನ ಪಾಲು ಕಟ್ಟುತ್ತಿದ್ದ. ಹೊಸದರಲ್ಲಿ ಆ ಪಾಲು ಹೋಯಿತು. ಕಮಿಷನ್ನೂ ಖರ್ಚೂ ಕೆಲಸಗಾರನ ಹಣದಿಂದಲೇ ಕಳೆಯಿತು. ಉಳಿದದ್ದು ಷೇರು ಪೇಟೆಯ ಏರಿಳಿತಕ್ಕೆ ಸಿಕ್ಕಿತು.

ಆದರೆ ಅಲ್ಲಿ ಕೂಗು ಎದ್ದಿತು. 1994ರಿಂದ ನಿಯಂತ್ರಣಾಧಿಕಾರಿಗಳು ಕಂಪೆನಿಗಳಿಂದಲೇ ಹಳೆಯ ಕಾಗದಗಳನ್ನೆಲ್ಲ ತೆಗೆಸಿ ಪರಿಶೀಲನೆ ಮಾಡಿಸಿದರು. ಕೊನೆಗೆ 10 ಲಕ್ಷಕ್ಕೂ ಹೆಚ್ಚು ಜನರಿಗೆ ಒಟ್ಟು 1,100 ಕೋಟಿ ಪೌಂಡಿಗೂ ಮೀರಿದ ಪರಿಹಾರ ಸಿಕ್ಕಿತು. ತಪ್ಪು ಸಹಿ ಹಾಕಿದವನದಾಗಿದ್ದರೆ ಕಂಪೆನಿಗಳು ಇಷ್ಟು ಹಣವನ್ನು ಏಕೆ ಕೊಡಬೇಕಿತ್ತು?

ಇದರಿಂದ ನಾವು ಕಲಿಯಬೇಕಾದದ್ದು ಎರಡು. ಮೊದಲನೆಯದು, ಮಾಲೀಕನ ಪಾಲು ಇರುವ ಪಿಂಚಣಿಯೇ ನಮ್ಮ ಮೊದಲ ಹಕ್ಕು. 1952ರ ಪ್ರಾವಿಡೆಂಟ್ ಫಂಡ್ ಕಾಯಿದೆ ಮೊದಲು ಅನ್ವಯವಾದ ಆರು ಉದ್ಯಮಗಳಲ್ಲಿ ಬಟ್ಟೆ ಗಿರಣಿಯೂ ಒಂದು. ಹೋಟೆಲುಗಳು ಆಮೇಲೆ ಸೇರಿದವು. 20 ಅಥವಾ ಹೆಚ್ಚು ಮಂದಿ ದುಡಿಯುವ ಹೋಟೆಲಿಗೆ ಫಂಡು ಅನ್ವಯಿಸುತ್ತದೆ. ಮಾಲೀಕನ ಪಾಲಿನಲ್ಲೊಂದು ಭಾಗ 1995ರ ಪಿಂಚಣಿ ಯೋಜನೆಗೆ ಹೋಗುತ್ತದೆ. 10 ವರ್ಷ ಸೇವೆಯಾದವರಿಗೆ 58ನೆಯ ವಯಸ್ಸಿನಿಂದ ಪಿಂಚಣಿ ಇದೆ. ಪುಸ್ತಕದಲ್ಲಿ ಹದಿನೆಂಟೇ ಹೆಸರು ಬರೆದು, ಅಡಿಗೆಮನೆಯಲ್ಲಿ ಮೂವತ್ತು ಮಂದಿಯನ್ನು ದುಡಿಸುವ ಮಾಲೀಕರಿರುವ ತನಕ ನಮ್ಮ ಹೋರಾಟ ಅಲ್ಲಿಂದಲೇ ಆರಂಭವಾಗಬೇಕು.

“ಫಂಡಿನ ಪಿಂಚಣಿ ಏನು ಮಹಾ?” ಎಂದು ಮಾರಾಟಗಾರ ಕೇಳುತ್ತಾನೆ. ಕನಿಷ್ಠ ಪಿಂಚಣಿಯನ್ನು ಸರಕಾರ 2014ರಲ್ಲಿ ಗೊತ್ತುಮಾಡಿದ್ದು ತಿಂಗಳಿಗೆ 1,000 ರೂಪಾಯಿ. ಮುಂಬಯಿಯಲ್ಲಿ ಇದು ಖೋಲಿಯ ಬಾಡಿಗೆಗೂ ಸಾಲದು, ನಿಜ. ಆದರೆ ಕಡಿಮೆಯಾದದ್ದನ್ನು ಹೆಚ್ಚಿಸಲು ಒಟ್ಟಾಗಿ ಕೇಳಬೇಕೇ ಹೊರತು, ಹೊಟ್ಟೆ ಕಟ್ಟಿ ಉಳಿಸಿದ್ದನ್ನು ಕಮಿಷನ್ನಿಗೆ ಒಪ್ಪಿಸುವುದು ಅದಕ್ಕೆ ಮದ್ದಲ್ಲ. ಸ್ವಂತ ಪಿಂಚಣಿ ಎಲ್ಲವೂ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಫಂಡು ಇಲ್ಲದ ಮಾಣಿಗಳಿಗೆ 2015ರಲ್ಲಿ ಸರಕಾರ ತಂದ ಅಟಲ್ ಪಿಂಚಣಿ ಇದೆ. 18ರಿಂದ 40 ವರ್ಷದವರೆಗಿನವರು ಸೇರಬಹುದು. ಯಾವುದೇ ಆಗಲಿ, ಕೌಂಟರಿನಲ್ಲಿ ನಿಂತು ಸಹಿ ಹಾಕಬೇಡಿರಿ. ಕಾಗದವನ್ನು ಮನೆಗೆ ತಂದು, ಓದು ಬಲ್ಲವರಿಂದ ಓದಿಸಿರಿ. ಒಂದು ರಾತ್ರಿ ಕಾಯಲು ಬಿಡದವನು ನಮ್ಮ ಹಿತ ನೋಡುವವನಲ್ಲ.

ಎರಡನೆಯದು, ಸಹಿ ಹಾಕಿ ಆಗಿದ್ದರೂ ದಾರಿ ಮುಚ್ಚಿಲ್ಲ. 2024ರ ನಿಯಮದಂತೆ ಪಾಲಿಸಿ ಕೈಗೆ ಬಂದ 30 ದಿನಗಳೊಳಗೆ ಅದನ್ನು ಹಿಂದಿರುಗಿಸಬಹುದು. ನಿಯಮದಲ್ಲಿ ಹೇಳಿದ ಖರ್ಚು ಕಳೆದು ಹಣ ವಾಪಸು ಬರುತ್ತದೆ. ಆ ಅವಧಿ ಮೀರಿದ್ದರೆ, ಏನು ಹೇಳಿ ಮಾರಿದರೆಂಬುದನ್ನು ಕಂಪೆನಿಗೆ ಬರೆದು ಕೊಡಿರಿ. ಒಂದು ತಿಂಗಳಲ್ಲಿ ನ್ಯಾಯ ಸಿಗದಿದ್ದರೆ ವಿಮಾ ಓಂಬುಡ್ಸ್‌ಮನ್ನರಿಗೆ ದೂರು ಕೊಡಬಹುದು. ಅವರ ಕಛೇರಿ ಮುಂಬಯಿಯಲ್ಲೂ ಇದೆ. ಫೀಸೂ ಇಲ್ಲ, ವಕೀಲರೂ ಬೇಡ. ಆದರೆ ವರ್ಷಗಟ್ಟಲೆ ಸುಮ್ಮನಿದ್ದವರ ದೂರು ಅಲ್ಲಿ ನಿಲ್ಲುವುದಿಲ್ಲ.

ಆದುದರಿಂದ, ಟ್ರಂಕಿನ ತಳದ ಕಾಗದವನ್ನು ಸಂಘದ ಕಛೇರಿಗೆ ತನ್ನಿರಿ. ಒಬ್ಬನ ದೂರನ್ನು ಮ್ಯಾನೇಜರು ನಯವಾದ ಮಾತಿನಲ್ಲಿ ಮುಗಿಸಿಬಿಡಬಹುದು. ಒಂದೇ ಕೌಂಟರಿನಲ್ಲಿ ಮೋಸಹೋದ ಹತ್ತು ಮಂದಿ ಒಟ್ಟಿಗೆ ಬರೆದುಕೊಟ್ಟರೆ ಅವರು ಉತ್ತರ ಹೇಳಲೇಬೇಕಾಗುತ್ತದೆ.